ಮನೋವಿಜ್ಞಾನದ ಪದವಿಯೊಂದೇ ಸಾಲದು: ಚಿಕಿತ್ಸಕರಾಗುವ ಹಾದಿಯ ಒಳಹೊರಗು

ಮೂರು ವರ್ಷ ಬಿ.ಎ. ಅಥವಾ ಬಿ.ಎಸ್ಸಿ., ಆ ಬಳಿಕ ಎರಡು ವರ್ಷ ಸ್ನಾತಕೋತ್ತರ ವ್ಯಾಸಂಗ. ಹೀಗೆ ಐದು ವರ್ಷ ಮನೋವಿಜ್ಞಾನವನ್ನೇ ಓದಿ ಉತ್ತಮ ದರ್ಜೆಯಲ್ಲಿ ತೇರ್ಗಡೆಯಾದ ವಿದ್ಯಾರ್ಥಿನಿಯೊಬ್ಬಳು, ತಾನಿನ್ನು ಮಾನಸಿಕ ಕಾಯಿಲೆಗಳಿಗೆ ಚಿಕಿತ್ಸೆ ನೀಡಬಹುದೆಂದು ಭಾವಿಸುವುದು ಸಹಜ. ಆದರೆ ಭಾರತದ ಕಾನೂನು ಹಾಗೆ ಭಾವಿಸುವುದಿಲ್ಲ. ಪದವಿಯ ಮೇಲೆ ಚಿಕಿತ್ಸೆಯ ತರಬೇತಿ, ಆ ತರಬೇತಿಯ ಮೇಲೆ ನೋಂದಣಿ. ಈ ಮೂರೂ ಕೂಡಿದಾಗ ಮಾತ್ರ ಆಕೆ ಚಿಕಿತ್ಸಾ ಮನೋವಿಜ್ಞಾನಿ, ಅಂದರೆ ಕ್ಲಿನಿಕಲ್ ಸೈಕಾಲಜಿಸ್ಟ್ ಎನಿಸಿಕೊಳ್ಳುತ್ತಾಳೆ. ಈ ಸಂಗತಿ ಎಷ್ಟೋ ವಿದ್ಯಾರ್ಥಿಗಳಿಗೆ ತಿಳಿಯುವುದು ಐದನೆಯ ವರ್ಷದ ಕೊನೆಗೆ.

ತಿಳಿಯದಿರುವುದರಿಂದ ನಷ್ಟ ವಿದ್ಯಾರ್ಥಿಗಳಿಗೆ ಮಾತ್ರವಲ್ಲ. ನಗರಗಳ ಬಡಾವಣೆಗಳಲ್ಲಿ ಕಾಣುವ 'ಮನೋಚಿಕಿತ್ಸಕರು', 'ಆಪ್ತಸಮಾಲೋಚಕರು', 'ಥೆರಪಿಸ್ಟ್' ಎಂಬ ನಾಮಫಲಕಗಳ ಹಿಂದೆ ಯಾವ ಓದು, ಎಷ್ಟು ತರಬೇತಿ ಇದೆ ಎಂಬುದನ್ನು ಅರಿಯದೆ ಬಾಗಿಲು ತಟ್ಟುವ ರೋಗಿಗೂ, ಆತನ ಮನೆಯವರಿಗೂ ಇದು ಮುಖ್ಯವಾದ ವಿಷಯ. ನಿಮ್ಹಾನ್ಸ್ ಸಂಸ್ಥೆಯು 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇ 10.6ರಷ್ಟು ಮಂದಿ ಒಂದಲ್ಲ ಒಂದು ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದರು. ಚಿಕಿತ್ಸೆ ದೊರೆಯದವರ ಪ್ರಮಾಣ ವಿವಿಧ ಕಾಯಿಲೆಗಳಲ್ಲಿ ಶೇ 70ರಿಂದ 92ರವರೆಗೆ ಇತ್ತು. ಇಷ್ಟು ದೊಡ್ಡ ಕೊರತೆ ಇರುವಲ್ಲಿ ತರಬೇತಿಯಿಲ್ಲದವರಿಗೂ ಗಿರಾಕಿಗಳು ಸಿಗುತ್ತಾರೆ ಎಂಬುದು ಗಮನಾರ್ಹ.

ಯಾರು ಯಾರು?

ಮೊದಲಿಗೆ ಹೆಸರುಗಳ ಗೊಂದಲ ಬಗೆಹರಿಯಬೇಕು. ಮನೋವೈದ್ಯರು ಎಂದರೆ ಎಂ.ಬಿ.ಬಿ.ಎಸ್. ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ.ಯಂತಹ ಉನ್ನತ ಶಿಕ್ಷಣ ಪಡೆದ ವೈದ್ಯರು. ಔಷಧಿ ಬರೆದುಕೊಡುವ ಅಧಿಕಾರ ಅವರದು. ಚಿಕಿತ್ಸಾ ಮನೋವಿಜ್ಞಾನಿಗಳು ವೈದ್ಯರಲ್ಲ. ಮಾನಸಿಕ ಪರೀಕ್ಷೆಗಳ ಮೂಲಕ ಸಮಸ್ಯೆಯನ್ನು ಗುರುತಿಸುವುದು ಮತ್ತು ಮಾತು, ಅಭ್ಯಾಸ, ವರ್ತನೆಯ ಮಾರ್ಪಾಡುಗಳ ಮೂಲಕ ಚಿಕಿತ್ಸೆ ನೀಡುವುದು ಅವರ ಕೆಲಸ. ಮನೋವೈದ್ಯಕೀಯ ಸಮಾಜಕಾರ್ಯಕರ್ತರು ರೋಗಿಯ ಕುಟುಂಬ, ಉದ್ಯೋಗ, ಪುನರ್ವಸತಿಯ ಕಡೆ ಗಮನ ಹರಿಸುತ್ತಾರೆ. ಆಪ್ತಸಮಾಲೋಚಕರು ಶಾಲೆ, ಕಾಲೇಜು, ಕಚೇರಿಗಳಲ್ಲಿ ದಿನನಿತ್ಯದ ಬದುಕಿನ ತೊಡಕುಗಳಿಗೆ ನೆರವಾಗುತ್ತಾರೆ.

ಈ ನಾಲ್ವರಲ್ಲಿ ಮನೋವಿಜ್ಞಾನದ ಪದವಿಯನ್ನೂ ಚಿಕಿತ್ಸೆಯ ವಿಶೇಷ ತರಬೇತಿಯನ್ನೂ ಒಟ್ಟುಗೂಡಿಸಲೇಬೇಕಾದವರು ಚಿಕಿತ್ಸಾ ಮನೋವಿಜ್ಞಾನಿಗಳು. ಹಾಗೆ ಒಟ್ಟುಗೂಡಿಸಬೇಕೇಕೆ ಎಂಬುದಕ್ಕೆ ಉತ್ತರ ಚಿಕಿತ್ಸೆಯ ಸ್ವರೂಪದಲ್ಲಿಯೇ ಇದೆ.

ಪುಸ್ತಕ ಕಲಿಸದ ಪಾಠ

ಗೀಳು ಕಾಯಿಲೆಯ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಬಾಗಿಲ ಚಿಲಕ ಮುಟ್ಟಿದರೆ ಮೈಲಿಗೆ ಅಥವಾ ರೋಗ ತಗಲೀತೆಂಬ ಭಯದಿಂದ ದಿನಕ್ಕೆ ಹತ್ತಾರು ಬಾರಿ ಕೈ ತೊಳೆಯುವ ವ್ಯಕ್ತಿಗೆ ನೀಡುವ ವರ್ತನಾ ಚಿಕಿತ್ಸೆಯ ತತ್ವ ಸರಳವಾದುದು. ಭಯ ಹುಟ್ಟಿಸುವ ಸಂದರ್ಭಗಳನ್ನು ಕಡಿಮೆ ಭಯದ್ದರಿಂದ ಹೆಚ್ಚು ಭಯದ್ದರವರೆಗೆ ಪಟ್ಟಿ ಮಾಡಬೇಕು. ರೋಗಿಯ ಒಪ್ಪಿಗೆಯೊಂದಿಗೆ ಒಂದೊಂದನ್ನೇ ಎದುರಿಸುವಂತೆ ಮಾಡಬೇಕು. ಚಿಲಕ ಮುಟ್ಟಿದ ಬಳಿಕ ಕೈ ತೊಳೆಯದೆ ಕುಳಿತಿರಬೇಕು. ಆತಂಕ ಏರುತ್ತದೆ, ಕೆಲ ಹೊತ್ತಿನ ಬಳಿಕ ತಾನಾಗಿಯೇ ಇಳಿಯತೊಡಗುತ್ತದೆ. ಅಂಜಿದ ಅನಾಹುತ ಸಂಭವಿಸಲಿಲ್ಲವೆಂಬುದನ್ನು ರೋಗಿ ಸ್ವಾನುಭವದಿಂದ ಕಲಿಯುತ್ತಾನೆ.

ಇಷ್ಟನ್ನು ಸ್ನಾತಕೋತ್ತರ ವಿದ್ಯಾರ್ಥಿ ಪರೀಕ್ಷೆಯಲ್ಲಿ ಲೀಲಾಜಾಲವಾಗಿ ಬರೆದಾನು. ಆದರೆ ಎದುರಿಗೆ ಕುಳಿತ ವ್ಯಕ್ತಿ ಬೆವರುತ್ತ, ನಡುಗುತ್ತ, 'ಏನೂ ಆಗುವುದಿಲ್ಲ ತಾನೆ?' ಎಂದು ಕೇಳಿದಾಗ ಹೊಸಬನ ಬಾಯಿಂದ ಹೊರಡುವ ಮೊದಲ ಮಾತು 'ಏನೂ ಆಗುವುದಿಲ್ಲ' ಎಂಬ ಸಾಂತ್ವನ. ಆ ಸಾಂತ್ವನವೇ ಇಲ್ಲಿ ತೊಡಕು. ಮತ್ತೆ ಮತ್ತೆ ಭರವಸೆ ಕೇಳುವುದೂ ಗೀಳಿನ ಒಂದು ರೂಪವಾದುದರಿಂದ, ಚಿಕಿತ್ಸಕನೇ ಅರಿವಿಲ್ಲದೆ ಕಾಯಿಲೆಗೆ ನೀರೆರೆದಂತಾಗುತ್ತದೆ. ಮೌನವಾಗಿರುವುದು ಯಾವಾಗ, ಮುಂದಿನ ಮೆಟ್ಟಿಲಿಗೆ ಒತ್ತಾಯಿಸುವುದು ಯಾವಾಗ, ಇಂದಿಗೆ ಸಾಕೆಂದು ನಿಲ್ಲಿಸುವುದು ಯಾವಾಗ ಎಂಬುದನ್ನು ಅನುಭವಿ ಗುರುವಿನ ಕಣ್ಗಾವಲಿನಲ್ಲಿ ಮಾಡಿ, ತಪ್ಪಿ, ತಿದ್ದಿಸಿಕೊಂಡೇ ಕಲಿಯಬೇಕು.

ಆತ್ಮಹತ್ಯೆಯ ಆಲೋಚನೆಯ ಬಗ್ಗೆ ನೇರವಾಗಿ, ಆದರೆ ನೋಯಿಸದಂತೆ ವಿಚಾರಿಸುವುದೂ ಇಂತಹುದೇ ವಿದ್ಯೆ. ಖಿನ್ನತೆಯಂತೆ ಕಾಣುವ ಬಳಲಿಕೆಯ ಹಿಂದೆ ಥೈರಾಯ್ಡ್ ಕೊರತೆ ಇರಬಹುದೆಂದು ಅನುಮಾನಿಸಿ ವೈದ್ಯರ ಬಳಿ ಕಳುಹಿಸುವ ಎಚ್ಚರವೂ ಆಸ್ಪತ್ರೆಯ ಒಡನಾಟದಿಂದಲೇ ಬರುವಂಥದು.

ಪದವಿಗೆ ತರಬೇತಿ ಜೊತೆಯಾದ ಬಗೆ

ಮನೋವಿಜ್ಞಾನವು ಹುಟ್ಟಿದ್ದು ಪ್ರಯೋಗಶಾಲೆಯಲ್ಲಿ. ವಿಲ್ಹೆಲ್ಮ್ ವುಂಟ್ ಜರ್ಮನಿಯ ಲೈಪ್‌ಜಿಗ್‌ನಲ್ಲಿ 1879ರಲ್ಲಿ ಪ್ರಯೋಗಾಲಯ ಸ್ಥಾಪಿಸಿದಾಗ ರೋಗಿಗಳ ಪ್ರಶ್ನೆ ಅಲ್ಲಿರಲಿಲ್ಲ. ಆತನ ಶಿಷ್ಯ ಲೈಟ್ನರ್ ವಿಟ್ಮರ್ 1896ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಕಲಿಕೆಯ ತೊಂದರೆಯುಳ್ಳ ಮಕ್ಕಳಿಗಾಗಿ ಮನೋವೈಜ್ಞಾನಿಕ ಚಿಕಿತ್ಸಾಲಯ ತೆರೆದ. ಇತ್ತ ಮನೋವಿಶ್ಲೇಷಣೆಯ ಪಂಥದವರು 1920ರಲ್ಲಿ ಬರ್ಲಿನ್‌ನಲ್ಲಿ ಆರಂಭಿಸಿದ ಕೇಂದ್ರದಲ್ಲಿ ತರಬೇತಿಗೆ ಮೂರು ಅಂಗಗಳು ರೂಪುಗೊಂಡವು: ಸಿದ್ಧಾಂತದ ಅಧ್ಯಯನ, ಕಲಿಯುವವನ ಸ್ವಂತ ಮನಸ್ಸಿನ ವಿಶ್ಲೇಷಣೆ ಮತ್ತು ಹಿರಿಯರ ಮೇಲ್ವಿಚಾರಣೆಯಲ್ಲಿ ಚಿಕಿತ್ಸೆ.

ಎರಡನೆಯ ಮಹಾಯುದ್ಧದ ಬಳಿಕ ಮನಸ್ಸು ಜರ್ಜರಿತವಾಗಿ ಮರಳಿದ ಸೈನಿಕರ ಆರೈಕೆಯ ಹೊರೆ ಅಮೆರಿಕದ ಮೇಲೆ ಬಿದ್ದಾಗ, ಚಿಕಿತ್ಸಾ ಮನೋವಿಜ್ಞಾನಿ ಹೇಗಿರಬೇಕೆಂಬ ಪ್ರಶ್ನೆ ಮುನ್ನೆಲೆಗೆ ಬಂತು. 1949ರಲ್ಲಿ ಕೊಲರಾಡೊ ರಾಜ್ಯದ ಬೋಲ್ಡರ್ ನಗರದಲ್ಲಿ ನಡೆದ ಸಮ್ಮೇಳನವು ಆತ ವಿಜ್ಞಾನಿಯೂ ಚಿಕಿತ್ಸಕನೂ ಆಗಿರಬೇಕೆಂದು ತೀರ್ಮಾನಿಸಿತು. ಸಂಶೋಧನೆಗಿಂತ ಚಿಕಿತ್ಸೆಗೇ ಒತ್ತು ನೀಡುವ ಸೈ.ಡಿ. ಎಂಬ ವೃತ್ತಿಪರ ಡಾಕ್ಟರೇಟ್ 1968ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು. ಬ್ರಿಟನ್ನಿನಲ್ಲಿ ಇಂದು ಮೂರು ವರ್ಷಗಳ ವೃತ್ತಿಪರ ಡಾಕ್ಟರೇಟ್ ಪಡೆಯುವುದು ಸಾಮಾನ್ಯ ಹಾದಿ. 'ಕ್ಲಿನಿಕಲ್ ಸೈಕಾಲಜಿಸ್ಟ್' ಎಂಬ ಹೆಸರಿಗೆ ಅಲ್ಲಿ 2009ರಿಂದ ಕಾನೂನಿನ ರಕ್ಷಣೆಯಿದೆ.

ಮೈಸೂರಿನಿಂದ ಬೆಂಗಳೂರಿಗೆ

ಭಾರತದಲ್ಲಿ ಈ ಕಥೆಗೆ ಕರ್ನಾಟಕದ ನಂಟು ಗಾಢವಾದುದು. ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ 1916ರಲ್ಲಿ ಮನೋವಿಜ್ಞಾನ ವಿಭಾಗ ಆರಂಭವಾದ ಎಂಟು ವರ್ಷಗಳಲ್ಲಿ, ಅಂದರೆ 1924ರಲ್ಲಿ ಮೈಸೂರು ವಿಶ್ವವಿದ್ಯಾಲಯವೂ ಅಂತಹ ವಿಭಾಗ ತೆರೆಯಿತು. ಅದನ್ನು ಕಟ್ಟಿದವರು ಪ್ರೊ. ಎಂ.ವಿ. ಗೋಪಾಲಸ್ವಾಮಿ. ಮೈಸೂರಿನ ತಮ್ಮ ಮನೆಯಲ್ಲಿ 1935ರಲ್ಲಿ 'ಆಕಾಶವಾಣಿ' ಬಾನುಲಿ ಕೇಂದ್ರ ಆರಂಭಿಸಿದವರೆಂದು ಕನ್ನಡಿಗರು ನೆನೆಯುವುದು ಇವರನ್ನೇ.

ಪದವಿಯ ಮೇಲೆ ಚಿಕಿತ್ಸೆಯ ತರಬೇತಿಯನ್ನು ಕಸಿ ಮಾಡಿದ್ದು ಮಾತ್ರ ಬೆಂಗಳೂರು. ಇಲ್ಲಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. ಮರುವರ್ಷವೇ ಮನೋವಿಜ್ಞಾನದ ಸ್ನಾತಕೋತ್ತರ ಪದವೀಧರರಿಗಾಗಿ ಆಸ್ಪತ್ರೆಯಲ್ಲಿಯೇ ಕಲಿಸುವ ಡಿಪ್ಲೊಮಾ ತರಗತಿ ಮೊದಲಾಯಿತು. ಇದೇ ಮುಂದೆ ಎಂ.ಫಿಲ್. ಪದವಿಯಾಗಿ ಬೆಳೆಯಿತು. ಬಹುಶ್ರುತ ವಿದ್ವಾಂಸರಾದ ಸಾ.ಕೃ. ರಾಮಚಂದ್ರರಾಯರು ಇಲ್ಲಿ ಚಿಕಿತ್ಸಾ ಮನೋವಿಜ್ಞಾನ ವಿಭಾಗದ ಮುಖ್ಯಸ್ಥರಾಗಿದ್ದರು. 1974ರಲ್ಲಿ ಆಸ್ಪತ್ರೆ ಮತ್ತು ಸಂಸ್ಥೆ ಎರಡೂ ವಿಲೀನಗೊಂಡು ನಿಮ್ಹಾನ್ಸ್ ಎನಿಸಿದವು.

ಆಸ್ಪತ್ರೆಯಲ್ಲಿ ಎರಡು ವರ್ಷ

ಮನೋವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದವರು ಪ್ರವೇಶ ಪರೀಕ್ಷೆಯ ಮೂಲಕ ಸೇರುತ್ತಿದ್ದ ಈ ಎರಡು ವರ್ಷಗಳ ಎಂ.ಫಿಲ್. ಹೆಸರಿಗೆ ಸಂಶೋಧನಾ ಪದವಿಯಂತಿದ್ದರೂ ವಾಸ್ತವವಾಗಿ ಪೂರ್ಣಾವಧಿಯ ಆಸ್ಪತ್ರೆ ತರಬೇತಿ. ಹೊರರೋಗಿ ವಿಭಾಗದಲ್ಲಿ ರೋಗಚರಿತ್ರೆ ಬರೆದುಕೊಳ್ಳುವುದರಿಂದ ಕೆಲಸ ಮೊದಲಾಗುತ್ತದೆ. ಬುದ್ಧಿಮಟ್ಟ, ನೆನಪು, ವ್ಯಕ್ತಿತ್ವಗಳ ಪರೀಕ್ಷೆ ನಡೆಸಿ ವರದಿ ಬರೆಯಬೇಕು. ವ್ಯಸನಮುಕ್ತಿ, ಮಕ್ಕಳ ವಿಭಾಗ, ನರರೋಗಿಗಳ ಪುನಶ್ಚೇತನ, ಕೌಟುಂಬಿಕ ಚಿಕಿತ್ಸೆ ಮುಂತಾದ ಕಡೆ ಸರದಿಯಂತೆ ದುಡಿಯಬೇಕು. ಚಿಕಿತ್ಸೆಯ ಪ್ರತಿಯೊಂದು ಭೇಟಿಯ ಬಳಿಕ ನಡೆದುದನ್ನು ಮೇಲ್ವಿಚಾರಕರ ಮುಂದೆ ವಿವರಿಸಿ ತಿದ್ದಿಸಿಕೊಳ್ಳಬೇಕು. ಇದರೊಂದಿಗೆ ಪ್ರಬಂಧವೂ ಪರೀಕ್ಷೆಯೂ ಉಂಟು.

ಒಬ್ಬ ಗುರು ಹೀಗೆ ಪಕ್ಕದಲ್ಲಿ ಕುಳಿತು ತಿದ್ದಬಹುದಾದ ಶಿಷ್ಯರು ಕೆಲವರೇ. ಆದ್ದರಿಂದ ಬೋಧಕರ ಸಂಖ್ಯೆಗೆ ತಕ್ಕಂತೆ ಸೀಟುಗಳಿಗೆ ಮಿತಿಯಿದೆ. ಪದವಿ ಕಾಲೇಜಿನ ತರಗತಿಯಲ್ಲಿ ಅರುವತ್ತು ಮಂದಿ ಕುಳಿತಿರಬಹುದು. ಚಿಕಿತ್ಸೆಯ ಕೊಠಡಿಯಲ್ಲಿ ಅದು ಅಸಾಧ್ಯ. ಸ್ನಾತಕೋತ್ತರ ಪದವೀಧರರು ಬಹಳ, ತರಬೇತಿಯ ಸ್ಥಾನಗಳು ಕೆಲವೇ ಎಂಬ ಇಕ್ಕಟ್ಟಿನ ಮೂಲ ಇಲ್ಲಿದೆ.

ಕಾನೂನು ಏನನ್ನುತ್ತದೆ?

ಭಾರತೀಯ ಪುನರ್ವಸತಿ ಪರಿಷತ್ತಿನ 1992ರ ಕಾಯ್ದೆಯು ಚಿಕಿತ್ಸಾ ಮನೋವಿಜ್ಞಾನಿಗಳನ್ನು ಪುನರ್ವಸತಿ ವೃತ್ತಿಪರರ ಸಾಲಿಗೆ ಸೇರಿಸಿದೆ. ಪರಿಷತ್ತು ಅಂಗೀಕರಿಸಿದ ಶಿಕ್ಷಣ ಪಡೆದು ಅದರ ಕೇಂದ್ರೀಯ ನೋಂದಣಿ ಪುಸ್ತಕದಲ್ಲಿ ಹೆಸರು ದಾಖಲಿಸಿದವರಿಗೆ ಮಾತ್ರ ವೃತ್ತಿ ನಡೆಸುವ ಅಧಿಕಾರ. ತಪ್ಪಿದರೆ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೇ ಒಂದು ಸಾವಿರ ರೂಪಾಯಿಯವರೆಗೆ ದಂಡ, ಅಥವಾ ಎರಡನ್ನೂ ಕಾಯ್ದೆ ವಿಧಿಸುತ್ತದೆ.

2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇನ್ನಷ್ಟು ಸ್ಪಷ್ಟವಾಗಿದೆ. ಅದರ ಪ್ರಕಾರ ಚಿಕಿತ್ಸಾ ಮನೋವಿಜ್ಞಾನಿ ಎನಿಸಲು ಎರಡು ದಾರಿಗಳು. ಒಂದು, ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ಸಂಸ್ಥೆಯಿಂದ ಚಿಕಿತ್ಸಾ ಮನೋವಿಜ್ಞಾನದಲ್ಲಿ ಅಂಗೀಕೃತ ಅರ್ಹತೆ. ಇನ್ನೊಂದು, ಮನೋವಿಜ್ಞಾನದ ಸ್ನಾತಕೋತ್ತರ ಪದವಿಯೊಂದಿಗೆ, ಮೇಲ್ವಿಚಾರಣೆಯ ತರಬೇತಿಯನ್ನು ಒಳಗೊಂಡ ಎರಡು ವರ್ಷಗಳ ಪೂರ್ಣಾವಧಿ ಎಂ.ಫಿಲ್. ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು: ಕೇವಲ ಸಂಶೋಧನೆಗಾಗಿ ಪಡೆದ ಪಿಎಚ್‌.ಡಿ.ಯಿಂದ ಯಾರೂ ಚಿಕಿತ್ಸಾ ಮನೋವಿಜ್ಞಾನಿಯಾಗುವುದಿಲ್ಲ. ನಾಮಫಲಕದಲ್ಲಿ 'ಡಾ.' ಎಂದಿರುವುದು ವೈದ್ಯ ಪದವಿಗೂ ಸಾಕ್ಷಿಯಲ್ಲ, ಚಿಕಿತ್ಸಾ ತರಬೇತಿಗೂ ಸಾಕ್ಷಿಯಲ್ಲ.

ಈ ವಿಚಾರ ಕಾಗದಪತ್ರಗಳಲ್ಲಿಯೂ ಎದುರಾಗುತ್ತದೆ. ಕಲಿಕಾ ನ್ಯೂನತೆಯುಳ್ಳ ಮಗುವಿಗೆ ಪ್ರಮಾಣಪತ್ರ ನೀಡುವ ಬಗೆಗೆ ಕೇಂದ್ರ ಸರ್ಕಾರ 2018ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯು, ತಪಾಸಣಾ ತಂಡದಲ್ಲಿ ಚಿಕಿತ್ಸಾ ಅಥವಾ ಪುನರ್ವಸತಿ ಮನೋವಿಜ್ಞಾನಿ ಇರಬೇಕೆಂದಿತ್ತು. ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಮಾಲೆಯನ್ನೇ ಬಳಸಬೇಕೆಂದೂ ಆಗ ಸೂಚಿಸಿತ್ತು. ಅನರ್ಹರ ಬಳಿ ಹಣ ತೆತ್ತು ಪಡೆದ ವರದಿ ಮಗುವಿನ ಪಾಲಿಗೆ ನಿರುಪಯುಕ್ತವಾಗುವ ಅಪಾಯವಿದೆ.

ಎಂ.ಫಿಲ್. ನಿಂತರೆ ಮುಂದೇನು?

ಇಂದಿನ ವಿದ್ಯಾರ್ಥಿಗಳನ್ನು ಹೆಚ್ಚು ಕಾಡುತ್ತಿರುವ ಪ್ರಶ್ನೆ ಇದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಎಂ.ಫಿಲ್. ಪದವಿಯನ್ನೇ ಕೈಬಿಡಲು ನಿರ್ಧರಿಸಿತು. 2022ರ ನಿಯಮಾವಳಿಯ ಮೂಲಕ ಯುಜಿಸಿ ಅದನ್ನು ಜಾರಿಗೊಳಿಸಿತು. ಸಾಹಿತ್ಯ, ಇತಿಹಾಸಗಳಲ್ಲಿ ಎಂ.ಫಿಲ್. ಎಂದರೆ ಪಿಎಚ್‌.ಡಿ.ಗೆ ಮುನ್ನದ ಮೆಟ್ಟಿಲು. ಚಿಕಿತ್ಸಾ ಮನೋವಿಜ್ಞಾನದಲ್ಲಿ ಅದೇ ವೃತ್ತಿಯ ಬಾಗಿಲು. ಒಂದೇ ಹೆಸರಿನ ಎರಡು ಬೇರೆ ವಸ್ತುಗಳನ್ನು ಒಂದೇ ಏಟಿಗೆ ತೆಗೆದುಹಾಕಿದಂತಾದಾಗ ಆತಂಕ ಹರಡಿತು. ಕಡೆಗೆ 2024ರ ಜನವರಿಯಲ್ಲಿ ಯುಜಿಸಿಯು ಚಿಕಿತ್ಸಾ ಮನೋವಿಜ್ಞಾನ ಮತ್ತು ಮನೋವೈದ್ಯಕೀಯ ಸಮಾಜಕಾರ್ಯ ಈ ಎರಡು ವಿಷಯಗಳಿಗೆ ಮಾತ್ರ ವಿನಾಯಿತಿ ನೀಡಿ, 2025-26ನೇ ಶೈಕ್ಷಣಿಕ ವರ್ಷದವರೆಗೆ ಪ್ರವೇಶಕ್ಕೆ ಅವಕಾಶ ಕಲ್ಪಿಸಿತು.

ಇದರ ಬದಲಿಗೆ ಪುನರ್ವಸತಿ ಪರಿಷತ್ತು ಚಿಕಿತ್ಸಾ ಮನೋವಿಜ್ಞಾನದ ಎಂ.ಎ. ಹಾಗೂ ಸೈ.ಡಿ. ಪದವಿಗಳತ್ತ ಮುಖ ಮಾಡಿದೆ. 2017ರ ಕಾಯ್ದೆಯ ಮೊದಲ ದಾರಿಯು ಎಂ.ಫಿಲ್. ಎಂಬ ಹೆಸರನ್ನೇ ಎತ್ತದೆ 'ಅಂಗೀಕೃತ ಅರ್ಹತೆ' ಎಂದಷ್ಟೇ ಹೇಳುವುದರಿಂದ, ಹೊಸ ಪದವಿಗಳಿಗೆ ಕಾನೂನಿನ ಅಡ್ಡಿಯಿಲ್ಲ. ಈಗಾಗಲೇ ಎಂ.ಫಿಲ್. ಪಡೆದು ನೋಂದಾಯಿಸಿಕೊಂಡವರ ಅರ್ಹತೆಗೆ ಚ್ಯುತಿ ಬರುವುದಿಲ್ಲ. ಆದರೆ ಹೆಸರಿನಲ್ಲಿ 'ಕ್ಲಿನಿಕಲ್' ಎಂದಿರುವ ಎಲ್ಲ ಎಂ.ಎ., ಎಂ.ಎಸ್ಸಿ.ಗಳೂ ಅಂಗೀಕೃತವಲ್ಲ. ವಿಶ್ವವಿದ್ಯಾಲಯಕ್ಕೆ ಯುಜಿಸಿ ಮಾನ್ಯತೆ ಇರುವುದು ಬೇರೆ, ಆ ತರಗತಿಗೆ ಪರಿಷತ್ತಿನ ಮಾನ್ಯತೆ ಇರುವುದು ಬೇರೆ. ಶುಲ್ಕ ಕಟ್ಟುವ ಮುನ್ನ ಪರಿಷತ್ತಿನ ಪ್ರಕಟಿತ ಪಟ್ಟಿಯಲ್ಲಿ ಸಂಸ್ಥೆಯ ಹೆಸರು, ತರಗತಿಯ ಹೆಸರು ಮತ್ತು ಮಾನ್ಯತೆಯ ಅವಧಿ ಮೂರನ್ನೂ ನೋಡಿಕೊಳ್ಳುವುದು ಲೇಸು.

ದೂರಶಿಕ್ಷಣ, ಸರ್ಟಿಫಿಕೇಟ್‌ಗಳ ಬೆಲೆ

ಮನೋವಿಜ್ಞಾನವನ್ನು ಅಂಚೆ ಹಾಗೂ ಆನ್‌ಲೈನ್ ಮೂಲಕ ಕಲಿಯುವ ಪದ್ಧತಿಗೂ 2025ರಲ್ಲಿ ಕಡಿವಾಣ ಬಿತ್ತು. ಆ ವರ್ಷದ ಜುಲೈ-ಆಗಸ್ಟ್ ಪ್ರವೇಶಾವಧಿಯಿಂದ ಮನೋವಿಜ್ಞಾನವೂ ಸೇರಿದಂತೆ ಆರೋಗ್ಯ ಸಂಬಂಧಿ ವಿಷಯಗಳನ್ನು ದೂರಶಿಕ್ಷಣ ಮತ್ತು ಆನ್‌ಲೈನ್ ಮಾದರಿಯಲ್ಲಿ ಬೋಧಿಸಬಾರದೆಂದು ಯುಜಿಸಿ ವಿಶ್ವವಿದ್ಯಾಲಯಗಳಿಗೆ ಸೂಚಿಸಿತು. ಇದಕ್ಕೆ ಆಧಾರವಾದುದು 2021ರ ರಾಷ್ಟ್ರೀಯ ಸಹವರ್ತಿ ಹಾಗೂ ಆರೋಗ್ಯ ವೃತ್ತಿಪರರ ಆಯೋಗದ ಕಾಯ್ದೆ. ಚಿಕಿತ್ಸಾ ಮನೋವಿಜ್ಞಾನಿಗಳಲ್ಲದ ಇತರ ಮನೋವಿಜ್ಞಾನಿಗಳು ಮತ್ತು ಕೆಲವು ಬಗೆಯ ಆಪ್ತಸಮಾಲೋಚಕರು ಈ ಕಾಯ್ದೆಯ ಪರಿಧಿಗೆ ಬರುತ್ತಾರೆ. ದೀರ್ಘಕಾಲ ಹೇಳುವವರು ಕೇಳುವವರಿಲ್ಲದೆ ಇದ್ದ ಕ್ಷೇತ್ರಕ್ಕೆ ಒಂದು ಚೌಕಟ್ಟು ದೊರಕುವ ಆರಂಭವಿದು.

ಅರಿವಿನ ವರ್ತನಾ ಚಿಕಿತ್ಸೆ, ಕೌಟುಂಬಿಕ ಚಿಕಿತ್ಸೆ, ಆಘಾತದ ಚಿಕಿತ್ಸೆ, ಕಲೆಯ ಮೂಲಕ ಚಿಕಿತ್ಸೆ ಮುಂತಾದವುಗಳಲ್ಲಿ ಕೆಲ ದಿನಗಳಿಂದ ಕೆಲ ತಿಂಗಳವರೆಗಿನ ಸರ್ಟಿಫಿಕೇಟ್ ತರಗತಿಗಳು ಹೇರಳವಾಗಿವೆ. ಇವುಗಳನ್ನು ಹೀಗಳೆಯಬೇಕಿಲ್ಲ. ಮೂಲ ತರಬೇತಿ ಪಡೆದವರಿಗೆ ಇವು ಹತಾರಕ್ಕೆ ಸಾಣೆ ಹಿಡಿದಂತೆ. ಆದರೆ ಹತಾರವೇ ಇಲ್ಲದವರಿಗೆ ಸಾಣೆಕಲ್ಲಿನಿಂದ ಪ್ರಯೋಜನವಿಲ್ಲ. ವಾರಾಂತ್ಯದ ಕಮ್ಮಟವೊಂದರ ಪ್ರಮಾಣಪತ್ರವು ಎಷ್ಟೇ ಪ್ರಸಿದ್ಧ ಸಂಸ್ಥೆಯದ್ದಾದರೂ ಅದರಿಂದ ಪರಿಷತ್ತಿನ ನೋಂದಣಿ ದೊರೆಯುವುದಿಲ್ಲ.

ಭಾಷೆಯ ಪ್ರಶ್ನೆ

ಮನೋಚಿಕಿತ್ಸೆಯ ಉಪಕರಣವೇ ಮಾತು. ಆದರೆ ಉನ್ನತ ವ್ಯಾಸಂಗ ನಡೆಯುವುದು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. 'ಎದೆ ಭಾರ', 'ತಲೆಯಲ್ಲಿ ಹುಳ ಕೊರೆದಂತೆ', 'ಜೀವ ಜುಮ್ಮೆನ್ನುತ್ತದೆ' ಎಂದು ಹೇಳಿಕೊಳ್ಳುವ ರೋಗಿಯ ಮಾತನ್ನು ಖಿನ್ನತೆ, ಆತಂಕಗಳ ಪಠ್ಯಪುಸ್ತಕದ ಲಕ್ಷಣಗಳೊಂದಿಗೆ ಹೊಂದಿಸಿಕೊಳ್ಳುವುದು ಬೇರೆಯೇ ಕಲಿಕೆ. ಬುದ್ಧಿಮಟ್ಟದ ಪರೀಕ್ಷೆಯ ವಿಷಯದಲ್ಲಿ ಈ ಅರಿವು ಹಳೆಯದು. ವಿ.ವಿ. ಕಾಮತರು ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ 1930ರ ದಶಕದಲ್ಲಿಯೇ ಹೊಂದಿಸಿದ್ದರು. ಬಿನೆ-ಕಾಮತ್ ಪರೀಕ್ಷೆಯೆಂಬ ಹೆಸರಿನಲ್ಲಿ ಅದು ದೇಶದಾದ್ಯಂತ ಬಳಕೆಗೆ ಬಂತು. ವೈದ್ಯ ಎಂ. ಶಿವರಾಂ ಅವರ 'ಮನಮಂಥನ' ಕೃತಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆತುದು ಮನಸ್ಸಿನ ಕಾಯಿಲೆಗಳ ಕುರಿತು ಕನ್ನಡದಲ್ಲಿ ಸೊಗಸಾಗಿ ಬರೆಯಬಹುದೆಂಬುದಕ್ಕೆ ನಿದರ್ಶನ. ಕನ್ನಡ ಬಲ್ಲ ವಿದ್ಯಾರ್ಥಿಗಳು ಈ ಕ್ಷೇತ್ರಕ್ಕೆ ಬರಬೇಕಾದ ಅಗತ್ಯ ಇಲ್ಲಿಯೇ ಹೆಚ್ಚು. ಅವರ ಮಾತೃಭಾಷೆ ಇಲ್ಲಿ ಕೊರತೆಯಲ್ಲ, ಬಂಡವಾಳ.

ಕೇಳಬೇಕಾದ ಪ್ರಶ್ನೆಗಳು

ಬಿ.ಎ., ಬಿ.ಎಸ್ಸಿ. ಹಂತದಲ್ಲಿಯೇ ವಿದ್ಯಾರ್ಥಿಗಳು ತಾವು ಸಾಗಬಯಸುವ ದಿಕ್ಕನ್ನು ಗುರುತಿಸಿಕೊಳ್ಳುವುದು ಒಳಿತು. ಆಸ್ಪತ್ರೆಯ ಚಿಕಿತ್ಸೆಯೇ ಗುರಿಯಾದರೆ ಅಂಗೀಕೃತ ತರಬೇತಿ ಅನಿವಾರ್ಯ. ಅದಕ್ಕಾಗಿ ಪೂರ್ಣಾವಧಿಯ ವರ್ಷಗಳನ್ನೂ ಕಠಿಣ ಪ್ರವೇಶ ಸ್ಪರ್ಧೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಶಾಲೆ, ಉದ್ಯಮ ಅಥವಾ ಸಂಶೋಧನೆಯತ್ತ ಒಲವಿದ್ದರೆ ಬೇರೆ ದಾರಿಗಳಿವೆ, ಅವೇನೂ ಕೀಳಲ್ಲ. ವಿದೇಶದಲ್ಲಿ ಓದಿ ಬಂದವರು ಇಲ್ಲಿ ವೃತ್ತಿ ನಡೆಸಬಯಸಿದರೆ ತಮ್ಮ ಪದವಿಯನ್ನು ಪರಿಷತ್ತು ಮಾನ್ಯ ಮಾಡುವುದೇ ಎಂದು ಹೊರಡುವ ಮುನ್ನವೇ ವಿಚಾರಿಸಬೇಕು.

ಚಿಕಿತ್ಸೆ ಬಯಸುವವರು ಸಂಕೋಚ ಬಿಟ್ಟು ಕೇಳಬೇಕಾದ ಪ್ರಶ್ನೆಗಳು ಮೂರು. ಓದಿದ್ದೇನು? ಚಿಕಿತ್ಸೆಯ ತರಬೇತಿ ಎಲ್ಲಿ, ಯಾರ ಮೇಲ್ವಿಚಾರಣೆಯಲ್ಲಿ ಆಯಿತು? ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಯಾವುದು, ಅದು ಈಗಲೂ ಊರ್ಜಿತದಲ್ಲಿದೆಯೇ? ಯೋಗ್ಯ ಚಿಕಿತ್ಸಕರು ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ. ಎಲ್ಲಿಗೆ ಹೋಗಬೇಕೆಂದೇ ತಿಳಿಯದವರಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಕನ್ನಡದಲ್ಲಿಯೂ ಮಾತನಾಡಬಹುದಾದ ಈ ಸಂಖ್ಯೆಗೆ ಕರೆ ಉಚಿತ.

ಹಲ್ಲು ಕೀಳಿಸಲು ಹೋಗುವವರು ದಂತವೈದ್ಯರ ಅರ್ಹತೆಯನ್ನು ವಿಚಾರಿಸುವ ಕಾಲ ಇದು. ಬದುಕಿನ ಅತ್ಯಂತ ಖಾಸಗಿ ನೋವನ್ನು ಮತ್ತೊಬ್ಬರ ಮುಂದೆ ತೆರೆದಿಡುವ ಮುನ್ನ ಅಷ್ಟೇ ಎಚ್ಚರ ವಹಿಸುವುದರಲ್ಲಿ ತಪ್ಪೇನಿಲ್ಲ. ಆ ನೋವನ್ನು ಕೇಳುವ ಹೊಣೆ ಹೊರಲು ಬಯಸುವ ವಿದ್ಯಾರ್ಥಿಗಳೂ ಪದವಿಯ ಬಳಿಕದ ಆ ಕೆಲವು ವರ್ಷಗಳನ್ನು ವಿಳಂಬವೆಂದು ಎಣಿಸದೆ, ವೃತ್ತಿಯ ಅಡಿಪಾಯವೆಂದು ಬಗೆಯುವುದೇ ಸೂಕ್ತ.